ಇಂದಿನಿಂದ ಆರು ತಿಂಗಳು

(2025ರ ಆಗಸ್ಟ್ 31, ಭಾನುವಾರ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿ ಒಬ್ಬ ಗಣಿತದ ಮೇಷ್ಟ್ರ ಹೆಸರಿನಲ್ಲಿದೆ. ಹಿಂದಿನ ವರ್ಷಗಳಲ್ಲಿ ಇಲ್ಲಿ ಮಾತಾಡಿದವರೆಲ್ಲ ಅವರ ಶಿಷ್ಯರು ಅಥವಾ ಗಣಿತ ಓದಿದವರು. ನಾನು ಎರಡೂ ಅಲ್ಲ. ನಾನು ಅವರನ್ನು ಕಂಡದ್ದು ಬ್ಯಾಂಕಿನ ಕೌಂಟರಿನ ಈಚೆ ಬದಿಯಿಂದ. ಹಾಗಾಗಿ ನನ್ನ ಮಾತು ಕರಿಹಲಗೆಯ ಗಣಿತದ ಬಗ್ಗೆ ಅಲ್ಲ, ಕೌಂಟರಿನ ಗಣಿತದ ಬಗ್ಗೆ.

ಹೋದ ತಿಂಗಳು ಸಂಘಟಕರಿಂದ ಬಂದ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಉಪನ್ಯಾಸದ ಲಿಖಿತ ಪಠ್ಯವನ್ನು ಉಪನ್ಯಾಸದ ದಿನದಿಂದ ಆರು ತಿಂಗಳೊಳಗೆ ಮುದ್ರಣಕ್ಕೆ ಕೊಡತಕ್ಕದ್ದು. ಮೂವತ್ತನಾಲ್ಕು ವರ್ಷ ಠೇವಣಿ ರಸೀತಿಗಳ ಮೇಲೆ ದಿನಾಂಕ ಬರೆದವನಿಗೆ ಇಂಥ ಸಾಲು ಕಂಡರೆ ಕಣ್ಣು ತಾನಾಗಿ ಗೋಡೆಯ ಕ್ಯಾಲೆಂಡರಿಗೆ ಹೋಗುತ್ತದೆ. ಉಪನ್ಯಾಸ ಆಗಸ್ಟ್ 31ಕ್ಕೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಎಂದು ಬೆರಳು ಮಡಚುತ್ತ ಹೋದರೆ ಆರನೆಯದು ಫೆಬ್ರವರಿ. ಅಂದರೆ ಫೆಬ್ರವರಿ 31. ಅಂಥ ದಿನವನ್ನು ಯಾರೂ ಕಂಡಿಲ್ಲ.

ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಕೇಳಿದೆ. ‘ಅಷ್ಟೇನೂ ಕಟ್ಟುನಿಟ್ಟಿಲ್ಲ ಸಾರ್, ಯಾವತ್ತಾದರೂ ಕೊಡಿ’ ಅಂದರು. ಸಾಲ ಕೊಟ್ಟವರು ಯಾರೂ ಹಾಗೆ ಅಂದದ್ದನ್ನು ನಾನು ಸರ್ವಿಸಿನಲ್ಲಿ ಕೇಳಿಲ್ಲ.

ಆದರೂ ಚಟ ಬಿಡಲಿಲ್ಲ, ಒಂದು ಹಾಳೆ ಹಿಡಿದು ಕೂತೆ. ಬ್ಯಾಂಕಿನ ರೂಢಿಯಲ್ಲಿ ಎಣಿಸಿದರೆ ಆರು ತಿಂಗಳು ತುಂಬುವುದು 2026ರ ಫೆಬ್ರವರಿ 28ಕ್ಕೆ. ತಿಂಗಳಿಗೆ ಮೂವತ್ತರಂತೆ 180 ದಿನ ಎಣಿಸಿದರೆ ಫೆಬ್ರವರಿ 27ಕ್ಕೆ. ಮೊಮ್ಮಗನನ್ನು ಕೇಳಿದೆ, ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ಸಾಲಿನ ಪ್ರೋಗ್ರಾಮು ಬರೆದು ಮಾರ್ಚ್ 3 ಎಂದ. ಪಂಚಾಂಗ ತೆಗೆದರೆ ಇವತ್ತು ವಿಶ್ವಾವಸು ಸಂವತ್ಸರದ ಭಾದ್ರಪದ ಶುಕ್ಲ ಅಷ್ಟಮಿ. ಆರು ತಿಂಗಳಿಗೆ ಫಾಲ್ಗುಣ ಶುಕ್ಲ ಅಷ್ಟಮಿ, ಅದು ಬರುವುದು ಫೆಬ್ರವರಿ 24ರ ಸುಮಾರಿಗೆ. ಸಾಲದ್ದಕ್ಕೆ ಫೆಬ್ರವರಿ 28 ನಾಲ್ಕನೇ ಶನಿವಾರ, ರಜೆ. ಒಂದೇ ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕಕ್ಕೂ ಆಧಾರ ಉಂಟು.

ನಮ್ಮ ಸಂತೆಯಲ್ಲಿ ಹೂವಿನವರು ಮಾರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಒಬ್ಬಾಕೆಯ ಮಾರು ಪಕ್ಕದಲ್ಲಿ ಕೂತವಳ ಮಾರಿಗಿಂತ ನಾಲ್ಕು ಬೆರಳು ಕಡಿಮೆ. ಅದು ಮಾರುವವಳಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು. ಆದರೂ ಇಬ್ಬರೂ ಅದನ್ನು ಒಂದು ಮಾರು ಎಂದೇ ಒಪ್ಪಿಕೊಳ್ಳುತ್ತಾರೆ. ತಿಂಗಳು ಅಂಥ ಮಾರು. ಫೆಬ್ರವರಿಯ ತೋಳು ಗಿಡ್ಡ, ಮಾರ್ಚಿನದು ಉದ್ದ. ಆಗಸ್ಟ್ 31ರಿಂದ ಆರು ತಿಂಗಳೆಂದರೆ 181 ದಿನ, ಮಾರ್ಚ್ 1ರಿಂದ ಆರು ತಿಂಗಳೆಂದರೆ 184. ದಿನ ಕೂಡಿಸುವುದು ಲೆಕ್ಕ, ತಿಂಗಳು ಕೂಡಿಸುವುದು ಒಪ್ಪಂದ. ನಾನು ಇವತ್ತು ಹೇಳಲು ಬಂದದ್ದು ಇಷ್ಟೇ, ಇನ್ನುಳಿದದ್ದು ಈ ಒಪ್ಪಂದವನ್ನು ಯಾರ್ಯಾರು ಹೇಗೆ ಮಾಡಿಕೊಂಡಿದ್ದಾರೆ ಎಂಬ ಕತೆ.

ತಿಂಗಳು ಅಂದರೆ ಮೊದಲು ಚಂದ್ರ, ಆಮೇಲೆ ಕಾಲ. ಹಳಗನ್ನಡದವರಿಗೆ ತಿಂಗಳ್ ಎಂದರೆ ಆಕಾಶದಲ್ಲಿ ಕಾಣುವ ಚಂದ್ರನೇ. ಬೆಳದಿಂಗಳು ಎನ್ನುವಾಗ ನಾವು ಇವತ್ತಿಗೂ ಆ ಅರ್ಥವನ್ನೇ ಬಾಯಲ್ಲಿಟ್ಟುಕೊಂಡಿದ್ದೇವೆ. ತಿಂಗಳು ಚಂದ್ರನೇ ಆಗಿದ್ದಾಗ ಕೂಡಿಸುವ ಕಷ್ಟ ಅಷ್ಟಿರಲಿಲ್ಲ, ತಲೆಯೆತ್ತಿ ನೋಡಿ ಆರು ಅಮಾವಾಸ್ಯೆ ಎಣಿಸಿದರೆ ಮುಗಿಯಿತು. ಒಂದೊಂದಕ್ಕೂ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಈಗ ನಮ್ಮ ಗೋಡೆಯ ಮೇಲಿರುವ ತಿಂಗಳಿಗೂ ಚಂದ್ರನಿಗೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಅದು ರೋಮಿನವರು ಬಿಟ್ಟುಹೋದ ಸಾಮಾನು. ಕ್ರಿಸ್ತಪೂರ್ವ 46ರಲ್ಲಿ ಜೂಲಿಯಸ್ ಸೀಸರ್ ಹಳೆಯ ಗೋಜಲನ್ನು ಸರಿಪಡಿಸಲು ಆ ಒಂದು ವರ್ಷವನ್ನು 445 ದಿನಕ್ಕೆ ಎಳೆದ. ಆ ವರ್ಷ ವಾರ್ಷಿಕ ಬಡ್ಡಿಗೆ ಸಾಲ ತೆಗೆದವರು ಅವನನ್ನು ಹರಸಿರಬೇಕು, ಕೊಟ್ಟವರು ಶಪಿಸಿರಬೇಕು.

ಸಣ್ಣವರಿದ್ದಾಗ ಮುಷ್ಟಿ ಕಟ್ಟಿ ಬೆರಳ ಗಿಣ್ಣಿನ ಮೇಲೆ ತಿಂಗಳು ಎಣಿಸಿದ್ದು ನಿಮಗೆಲ್ಲ ನೆನಪಿರಬೇಕು. ಗಿಣ್ಣು ಬಂದರೆ ಮೂವತ್ತೊಂದು, ನಡುವಿನ ತಗ್ಗು ಬಂದರೆ ಮೂವತ್ತು, ಫೆಬ್ರವರಿ ಮಾತ್ರ ತಗ್ಗಿನಲ್ಲೂ ತಗ್ಗು. ಜುಲೈಗೆ ಕಿರುಬೆರಳ ಗಿಣ್ಣು ಮುಗಿದು ಆಗಸ್ಟಿಗೆ ಮತ್ತೆ ಗಿಣ್ಣಿನಿಂದಲೇ ಶುರು. ಅಗಸ್ಟಸ್ ಚಕ್ರವರ್ತಿ ಸೀಸರನಿಗಿಂತ ತಾನೇನು ಕಡಿಮೆ ಎಂದು ಫೆಬ್ರವರಿಯಿಂದ ಒಂದು ದಿನ ಕಿತ್ತು ತನ್ನ ತಿಂಗಳಿಗೆ ಸೇರಿಸಿಕೊಂಡ ಎಂದು ನಮ್ಮ ಮೇಷ್ಟ್ರೊಬ್ಬರು ಹೇಳಿದ್ದರು. ಕತೆ ಸೊಗಸಾಗಿದೆ, ನಿಜವಲ್ಲ. ಅಗಸ್ಟಸನಿಗೆ ಮೊದಲೇ, ಸೀಸರನ ಸುಧಾರಣೆಯಲ್ಲೇ ಆ ತಿಂಗಳಿಗೆ 31 ದಿನ ಸಿಕ್ಕಿತ್ತು. ಫೆಬ್ರವರಿ ಅದಕ್ಕೂ ಹಿಂದಿನಿಂದಲೇ ಬಡವಿ.

ಹಾಗಾದರೆ ನಮ್ಮ ಪಂಚಾಂಗವೇ ವಾಸಿ ಅಂತ ಯಾರಾದರೂ ಅನ್ನಬಹುದು. ಅಲ್ಲೂ ಒಪ್ಪಂದವೇ. ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ಸೂರ್ಯ ಒಂದು ಸುತ್ತು ಬರಲು 365. ವರ್ಷಕ್ಕೆ ಹನ್ನೊಂದು ದಿನದ ಬಾಕಿ ಬೆಳೆಯುತ್ತ ಹೋಗುತ್ತದೆ. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣವೇ ಬೀಳದಿದ್ದರೆ ಆ ತಿಂಗಳನ್ನು ಅಧಿಕ ಎಂದು ಕರೆದು ಬಾಕಿ ಚುಕ್ತಾ ಮಾಡುತ್ತೇವೆ. ಮುಂದಿನ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ.

ಅಶುಭದ ಮಾತಿಗೆ ಕ್ಷಮೆಯಿರಲಿ, ಆದರೆ ತಿಂಗಳು ಕೂಡಿಸುವ ಲೆಕ್ಕವನ್ನು ನಮ್ಮವರು ಅತ್ಯಂತ ಜಾಗ್ರತೆಯಿಂದ ಮಾಡುವುದು ಸಾವಿನ ಮನೆಯಲ್ಲೇ. ಇವತ್ತು ಒಬ್ಬರು ತೀರಿಕೊಂಡರು ಎನ್ನಿ. ತಿಂಗಳಿಗೊಂದು ಮಾಸಿಕ, ಕೊನೆಗೆ ವರ್ಷಾಂತಿಕ. ಹನ್ನೆರಡು ಚಂದ್ರರನ್ನು ಎಣಿಸಿ ನಿಂತರೆ ನಾವು ಮುಂದಿನ ಆಗಸ್ಟ್ 20ರ ಆಸುಪಾಸಿಗೆ, ಶ್ರಾವಣದಲ್ಲಿ ನಿಂತಿರುತ್ತೇವೆ. ಆದರೆ ಅವರು ಹೋದದ್ದು ಭಾದ್ರಪದದ ಅಷ್ಟಮಿಗೆ, ಮುಂದಿನ ವರ್ಷ ಅದು ಸೆಪ್ಟೆಂಬರ್ ಮೂರನೇ ವಾರಕ್ಕೆ ಸರಿಯುತ್ತದೆ. ನಡುವಿನ ಅಧಿಕಮಾಸಕ್ಕೆ ಒಂದು ಮಾಸಿಕ ಹೆಚ್ಚು ಮಾಡಬೇಕು, ಒಟ್ಟು ಹದಿಮೂರು. ನಮ್ಮ ಮನೆಯ ಪುರೋಹಿತರನ್ನು ಒಮ್ಮೆ ಕೆಣಕಿದ್ದೆ, ‘ಏನು ಭಟ್ಟರೇ, ನಿಮ್ಮ ವರ್ಷಕ್ಕೆ ಹದಿಮೂರು ತಿಂಗಳೋ?’ ಎಂದು. ‘ಹೋದವರಿಗೆ ತಿಂಗಳ ಹೆಸರು ಗೊತ್ತು, ಎಣಿಕೆ ನಮಗೆ’ ಅಂದರು. ಹೆಸರಿಗೂ ಎಣಿಕೆಗೂ ಜಗಳ ಬಂದಾಗ ಅವರು ಹೆಸರಿನ ಕಡೆ ನಿಂತರು.

ಇನ್ನೊಂದು ತೊಡಕು. ಅಧಿಕಮಾಸದಲ್ಲೇ ಹೋದವರ ಶ್ರಾದ್ಧ ಯಾವಾಗ? ಮರುವರ್ಷ ಆ ಅಧಿಕ ಬರುವುದೇ ಇಲ್ಲ. ಆಗ ಅದೇ ಹೆಸರಿನ ನಿಜ ಮಾಸದಲ್ಲಿ ಮಾಡುತ್ತಾರೆ. ನನ್ನ ಫೆಬ್ರವರಿ 31ರ ತೊಂದರೆ ನಮ್ಮ ಶಾಸ್ತ್ರಕಾರರಿಗೆ ಎಂದೋ ಎದುರಾಗಿತ್ತು. ಹೋಗಬೇಕಾದ ಮನೆಗೆ ಬೀಗ ಹಾಕಿದೆ, ಪಕ್ಕದ ಮನೆಯ ಬಾಗಿಲು ತಟ್ಟಿ ಎಂದು ಅವರು ಆಗಲೇ ಹೇಳಿ ಹೋಗಿದ್ದಾರೆ.

ತುಳುನಾಡಿನವರು ಸಂಕ್ರಮಣದಿಂದ ಸಂಕ್ರಮಣಕ್ಕೆ ತಿಂಗಳು ಎಣಿಸುತ್ತಾರೆ, ಅಧಿಕದ ಗೊಡವೆಯಿಲ್ಲ. ಆದರೆ ಆ ತಿಂಗಳುಗಳೂ 29 ದಿನದಿಂದ 32 ದಿನದವರೆಗೆ ಹಿಗ್ಗಿ ಕುಗ್ಗುತ್ತವೆ. ಮುಸ್ಲಿಮರ ತಿಂಗಳು ಚಂದ್ರದರ್ಶನಕ್ಕೆ ಕಾಯುತ್ತದೆ, 29ಕ್ಕೋ 30ಕ್ಕೋ ಮುಗಿಯುತ್ತದೆ. ಗಂಡ ತೀರಿದ ಹೆಣ್ಣಿನ ಇದ್ದತ್ ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ. ಆ ನಾಲ್ಕು ತಿಂಗಳಿಗೆ ದಿನ ಎಷ್ಟೆಂದು ಮೊದಲೇ ಬರೆದಿಡುವಂತಿಲ್ಲ.

ಸಾವಿನಿಂದ ಹುಟ್ಟಿಗೆ ಬರೋಣ. 2020ರಲ್ಲಿ, ಕೊರೊನಾ ಕಾಲ, ನನ್ನ ತಮ್ಮನ ಸೊಸೆ ಬಸುರಿ. ಆಶಾ ಕಾರ್ಯಕರ್ತೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಜಗಲಿಯ ಅಂಚಿನಲ್ಲೇ ನಿಂತು ತಾಯಿ ಕಾರ್ಡಿಗೆ ವಿವರ ಕೇಳಿದಳು. ಕೊನೆಯ ಮುಟ್ಟು ಯಾವತ್ತು? ಹುಡುಗಿಗೆ ತಾರೀಕು ನೆನಪಿಲ್ಲ, ಹಬ್ಬ ನೆನಪಿದೆ. ‘ನಾಗರ ಪಂಚಮಿ ದಿನ ಹೊರಗೆ ಕೂತಿದ್ದೆ ಅಕ್ಕಾ, ತನಿ ಎರೆಯೋಕೆ ಆಗಲಿಲ್ಲ.’ ಆ ವರ್ಷ ನಾಗರ ಪಂಚಮಿ ಜುಲೈ 25ಕ್ಕೆ. ಆಶಾ ಕಾರ್ಯಕರ್ತೆ ಬಾಯಲ್ಲೇ ಲೆಕ್ಕ ಹಾಕಿದಳು. ಏಳು ದಿನ ಮುಂದೆ ಹೋದರೆ ಆಗಸ್ಟ್ 1, ಮೂರು ತಿಂಗಳು ಹಿಂದೆ ಬಂದರೆ ಮೇ 1. ಕಾರ್ಡಿನಲ್ಲಿ 1-5-2021 ಎಂದು ಬರೆದಳು.

ಅವಳು ಮಾಡಿದ್ದು ಹೈಡೆಲ್‌ಬರ್ಗಿನ ವೈದ್ಯ ಫ್ರಾಂಜ್ ನೇಗೆಲೆ ಎಂಬಾತನ ಹೆಸರಿನಲ್ಲಿ ಎರಡು ಶತಮಾನದಿಂದ ನಡೆದುಬಂದ ಸೂತ್ರ. ಒಂಬತ್ತು ತಿಂಗಳು ಮುಂದೆ ಹೋಗುವುದಕ್ಕೂ ಮೂರು ತಿಂಗಳು ಹಿಂದೆ ಬಂದು ವರ್ಷ ಬದಲಿಸುವುದಕ್ಕೂ ವ್ಯತ್ಯಾಸವಿಲ್ಲ, ಹಿಂದಕ್ಕೆ ಮೂರು ಬೆರಳು ಮಡಚುವುದು ಸುಲಭ, ಅಷ್ಟೇ. ಸೂತ್ರದ ಗುರಿ 280 ದಿನ. ನಾನು ಸುಮ್ಮನಿರಲಾರದೆ ಒಳಗೆ ಹೋಗಿ ತಾಳೆ ನೋಡಿದೆ. ಮೊದಲು ಒಂಬತ್ತು ತಿಂಗಳು ಕೂಡಿಸಿ ಆಮೇಲೆ ಏಳು ದಿನ ಕೂಡಿಸಿದರೆ ಜುಲೈ 25, ಏಪ್ರಿಲ್ 25, ಮೇ 2. ಅವಳ ಹಾಗೆ ದಿನ ಮೊದಲು ತಿಂಗಳು ಆಮೇಲೆ ಅಂದರೆ ಮೇ 1. ಕೂಡುವ ಅಂಕಿ ಅವೇ, ಕ್ರಮ ಬದಲಾದರೆ ಉತ್ತರ ಬದಲು. ಐದೂ ಮೂರೂ ಎಂಟು, ಮೂರೂ ಐದೂ ಎಂಟು ಎಂದು ಕಲಿತ ನಮಗೆ ಇದು ಇರುಸುಮುರುಸು. ಆದರೆ ಜುಲೈಗೆ ಮೂವತ್ತೊಂದು, ಏಪ್ರಿಲಿಗೆ ಮೂವತ್ತು, ಯಾವ ತಿಂಗಳ ಅಂಚನ್ನು ದಾಟುತ್ತೇವೆ ಎಂಬುದರ ಮೇಲೆ ಒಂದು ದಿನ ಆಚೀಚೆ ಆಗುತ್ತದೆ. 280 ದಿನ ಒಂದೊಂದಾಗಿ ಎಣಿಸಿದಾಗ ಸಿಕ್ಕಿದ್ದು ಮೇ 1. ಜಗಲಿಯಲ್ಲಿ ನಿಂತವಳೇ ಸರಿ.

ಅಷ್ಟರಲ್ಲಿ ನನ್ನ ಅತ್ತಿಗೆ ಒಳಗಿನಿಂದ ‘ಒಂಬತ್ತು ತಿಂಗಳು ಒಂಬತ್ತು ದಿನ’ ಎಂದು ತಮ್ಮ ಲೆಕ್ಕ ಒಪ್ಪಿಸಿದರು. ಶ್ರಾವಣದಿಂದ ಒಂಬತ್ತು ಎಂದರೆ ವೈಶಾಖ ಎಂದು ನಾನು ಹೆಸರು ಹಿಡಿದು ಎಣಿಸಿಬಿಟ್ಟೆ. ಆ ವರ್ಷ ನಡುವೆ ಅಧಿಕ ಆಶ್ವಯುಜ ಬಂದಿದ್ದನ್ನು ಮರೆತಿದ್ದೆ. ಅತ್ತಿಗೆ ನಕ್ಕರು. ‘ಹೊಟ್ಟೆಯೊಳಗಿನ ಕೂಸು ಅಧಿಕಮಾಸ ಅಂತ ಬೆಳೆಯೋದು ಬಿಡ್ತದಾ?’ ಪುರೋಹಿತರು ಹೆಸರಿನ ಕಡೆ ನಿಂತರು, ಇವರು ಎಣಿಕೆಯ ಕಡೆ. ಹೋದವರಿಗೆ ಒಂದು ಲೆಕ್ಕ, ಬರುವವರಿಗೆ ಇನ್ನೊಂದು. ಮಗು ಏಪ್ರಿಲ್ 27ಕ್ಕೇ ಬಂತು, ಅದಿರಲಿ. ಈಚೆಗೆ ವೈದ್ಯರೂ ಕಾನೂನಿನವರೂ ಬಸಿರು ಬಾಣಂತನದಲ್ಲಿ ತಿಂಗಳ ಸಹವಾಸ ಬಿಟ್ಟು ವಾರಕ್ಕೆ ಬಂದಿದ್ದಾರೆ. ಹೆರಿಗೆ ರಜೆ 2017ರ ತಿದ್ದುಪಡಿಯಂತೆ 26 ವಾರ, ಮಗುವಿಗೆ ಮೊದಮೊದಲ ಲಸಿಕೆಗಳು 6, 10, 14 ವಾರಕ್ಕೆ. ವಾರಕ್ಕೆ ಏಳೇ ದಿನ, ಅದು ಯಾರ ತೋಳಿನ ಉದ್ದವನ್ನೂ ಕೇಳುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಒಪ್ಪಂದ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಬರೆದೇ ಇಡಬೇಕು. ನಮ್ಮ ಬ್ಯಾಂಕಿನವರ ಬೈಬಲ್ಲು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ಬಾಯಿಗೆ ಸುಲಭವಾಗಿ ಎನ್‌ಐ ಆಕ್ಟ್. ಅದರ 23ನೇ ಕಲಂ ಹೇಳುವುದು ಇಷ್ಟು. ಇಂತಿಷ್ಟು ತಿಂಗಳ ಮುದ್ದತು ಎಂದು ಬರೆದ ಪತ್ರದ ಅವಧಿ ಅದೇ ತಾರೀಕಿಗೆ ಮುಗಿಯುತ್ತದೆ, ಆ ತಿಂಗಳಲ್ಲಿ ಆ ತಾರೀಕು ಇಲ್ಲದಿದ್ದರೆ ತಿಂಗಳ ಕೊನೆಯ ದಿನಕ್ಕೆ. ಕಾಯ್ದೆ ಬರೆದವರು ಉದಾಹರಣೆಯನ್ನೂ ಕೊಟ್ಟಿದ್ದಾರೆ. 1878ರ ಆಗಸ್ಟ್ 30ರ ಪತ್ರ, ಮೂರು ತಿಂಗಳ ಮುದ್ದತು, ಡಿಸೆಂಬರ್ 3ಕ್ಕೆ ಹಣ ಸಲ್ಲಬೇಕು. ಆಗಸ್ಟ್ 31ರ ಪತ್ರ, ಅದೇ ಮೂರು ತಿಂಗಳು, ಅದಕ್ಕೂ ಡಿಸೆಂಬರ್ 3. ಎರಡೂ ನವೆಂಬರ್ 30ಕ್ಕೆ ಬಂದು ನಿಲ್ಲುತ್ತವೆ, ಮೇಲೆ ಮೂರು ದಿನ ಗ್ರೇಸ್. ಒಂದು ದಿನ ತಡವಾಗಿ ಸಾಲ ಮಾಡಿದವನು ಅದೇ ದಿನ ತೀರಿಸಬೇಕು. ಅನ್ಯಾಯ ಅನ್ನಿಸಬಹುದು. ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಸಣ್ಣ ಅನ್ಯಾಯ, ಯಾರಿಗೂ ಗೊತ್ತಿಲ್ಲದ ನ್ಯಾಯಕ್ಕಿಂತ ವ್ಯಾಪಾರಕ್ಕೆ ಅನುಕೂಲ. ಅಂದ ಹಾಗೆ, ಇವತ್ತು ನಾನು ನಿಮಗೆ ಆರು ತಿಂಗಳ ಪ್ರಾಮಿಸರಿ ನೋಟು ಬರೆದುಕೊಟ್ಟರೆ ಫೆಬ್ರವರಿ 28ರ ಮೇಲೆ ಮೂರು ದಿನ ಸೇರಿ ಮಾರ್ಚ್ 3 ಆಗುತ್ತದೆ. ಮೊಮ್ಮಗನ ತಪ್ಪು ಉತ್ತರ ಹಿಂಬಾಗಿಲಿನಿಂದ ಸರಿಯಾಯಿತು.

ತಿಂಗಳು ಎಂದರೆ ಏನು ಎಂದು ನಮ್ಮ ದೇಶದ ಕಾನೂನು ಹೇಳುವುದು 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ. ಅಲ್ಲಿ ಇವತ್ತಿಗೂ ತಿಂಗಳು ಅಂದರೆ ಬ್ರಿಟಿಷ್ ಕ್ಯಾಲೆಂಡರಿನ ತಿಂಗಳು. ಬ್ರಿಟಿಷರು ಹೋಗಿ ಎಪ್ಪತ್ತೆಂಟು ವರ್ಷವಾಯಿತು, ಕ್ಯಾಲೆಂಡರಿನ ಮೇಲಿನ ಅವರ ಹೆಸರು ಹೋಗಿಲ್ಲ. ಕೊನೆಯ ದಿನ ಕಚೇರಿಗೆ ರಜೆ ಬಿದ್ದರೆ ಈ ಕಾಯ್ದೆ ನಿಮ್ಮನ್ನು ಮುಂದಿನ ಕೆಲಸದ ದಿನಕ್ಕೆ ದೂಡುತ್ತದೆ. ಎನ್‌ಐ ಆಕ್ಟ್ ಮಾತ್ರ ಹಿಂದಿನ ಕೆಲಸದ ದಿನಕ್ಕೆ ಎಳೆಯುತ್ತದೆ. ಅರ್ಜಿದಾರನಿಗೆ ಕರುಣೆ, ಸಾಲಗಾರನಿಗೆ ಅವಸರ.

ಮೂರು ತಿಂಗಳು ಅಂದರೆ ತೊಂಬತ್ತು ದಿನ ತಾನೇ ಎಂದು ವಕೀಲರೂ ಜಾರುವುದುಂಟು. ಹಿಮಾಚಲ ಪ್ರದೇಶ ಸರ್ಕಾರದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಿಂದೆ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್ 2010ರಲ್ಲಿ ಅದರ ತೀರ್ಪು ಬರೆದರು. ಪಂಚಾಯ್ತಿದಾರರ ತೀರ್ಪಿನ ಪ್ರತಿ ಸರ್ಕಾರದ ಕೈಸೇರಿದ್ದು 2007ರ ನವೆಂಬರ್ 12ಕ್ಕೆ ಎಂದು ಹಿಡಿದು, ಅದನ್ನು ಪ್ರಶ್ನಿಸಲು ಕಾಯ್ದೆ ಕೊಡುವ ಮೂರು ತಿಂಗಳು 2008ರ ಫೆಬ್ರವರಿ 12ಕ್ಕೆ, ತಡವಾದವರಿಗೆ ಕೊಡುವ ಮೇಲಿನ 30 ದಿನ ಮಾರ್ಚ್ 13ಕ್ಕೆ ಮುಗಿಯುತ್ತದೆ ಎಂದರು. ತೊಂಬತ್ತು ದಿನ ಎಂದು ಎಣಿಸಿದ್ದರೆ ಆ ಮೊದಲ ಗಡುವು ಫೆಬ್ರವರಿ 10ಕ್ಕೇ ಮುಗಿಯುತ್ತಿತ್ತು. ಒಂದೇ ಕಲಮಿನಲ್ಲಿ ಕಾಯ್ದೆ ತಿಂಗಳು ಎಂದೂ ಬರೆದಿದೆ, ದಿನ ಎಂದೂ ಬರೆದಿದೆ, ಅವು ಬೇರೆ ಬೇರೆ ಎಂದು ಗೊತ್ತಿದ್ದೇ ಬರೆದಿದೆ ಎಂಬುದು ಅದರ ತಿರುಳು.

ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1981ರಲ್ಲಿ ಇತ್ಯರ್ಥ ಮಾಡಿದ ಡಾಡ್ಸ್ ವಿರುದ್ಧ ವಾಕರ್ ಪ್ರಕರಣ ಇನ್ನೂ ಸೂಕ್ಷ್ಮ. ಮಾಲೀಕನ ನೋಟಿಸು ಬಾಡಿಗೆದಾರನಿಗೆ ಸಿಕ್ಕಿದ್ದು 1978ರ ಸೆಪ್ಟೆಂಬರ್ 30ಕ್ಕೆ, ಅರ್ಜಿಗೆ ನಾಲ್ಕು ತಿಂಗಳ ಅವಕಾಶ. ಸೆಪ್ಟೆಂಬರಿನ ಕೊನೆಯ ದಿನ ಸಿಕ್ಕಿತು, ಆದ್ದರಿಂದ ಜನವರಿಯ ಕೊನೆಯ ದಿನದವರೆಗೆ ಸಮಯ ಉಂಟು ಎಂಬುದು ಬಾಡಿಗೆದಾರನ ವಾದ. ಅರ್ಜಿ ಹಾಕಿದ್ದು ಜನವರಿ 31ಕ್ಕೆ. ಕೋರ್ಟು ಒಪ್ಪಲಿಲ್ಲ. ಮೂವತ್ತಕ್ಕೆ ಮೂವತ್ತೇ ಜೋಡಿ, ಕೊನೆಗೆ ಕೊನೆ ಜೋಡಿಯಲ್ಲ. ಒಂದು ದಿನಕ್ಕೆ ಅವನು ಕೇಸು ಸೋತ. ಈ ‘ಕೊನೆಗೆ ಕೊನೆ’ ಎಂಬ ಮಾತನ್ನು ನೆನಪಿಟ್ಟುಕೊಂಡಿರಿ.

ನಮ್ಮಲ್ಲಿ ಬಾಡಿಗೆ ಎಂದರೆ ಎಲ್ಲರಿಗೂ ನೆನಪಾಗುವುದು ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗೇಣಿ ಬಾಡಿಗೆಗೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಕಡ್ಡಾಯ. ಹನ್ನೆರಡೇ ಬರೆದರೂ ಮೀರಿದಂತಾಗುವುದಿಲ್ಲ. ಆದರೂ ಒಂದು ತಿಂಗಳು ಕಡಿಮೆ ಇಟ್ಟು ನಿರಾಳವಾಗಿರುವುದು ನಮ್ಮ ಜನರ ಸ್ವಭಾವ.

ಈ ರಗಳೆಯನ್ನೆಲ್ಲ ಸರಳಗೊಳಿಸುವ ಒಂದು ಪ್ರಯತ್ನ ನಮ್ಮ ದೇಶದಲ್ಲೇ ನಡೆದಿತ್ತು. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಕೂತಿತು. ಅದರ ಫಲವೇ ರಾಷ್ಟ್ರೀಯ ಶಕ ಕ್ಯಾಲೆಂಡರು, 1957ರ ಮಾರ್ಚ್ 22ರಿಂದ ಜಾರಿ. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31 ದಿನ, ಉಳಿದವಕ್ಕೆ 30, ಅಧಿಕ ವರ್ಷದಲ್ಲಿ ಚೈತ್ರಕ್ಕೆ ಒಂದು ಹೆಚ್ಚು. ಅದರಲ್ಲಿ ತಿಂಗಳು ಕೂಡಿಸಿದರೆ ಎಡವಿದರೂ ಒಂದೇ ದಿನ ಎಡವುವುದು, ಫೆಬ್ರವರಿಯಂತೆ ಮೂರು ಮೆಟ್ಟಿಲು ಉರುಳುವುದಿಲ್ಲ. ಶಕದ ತಾರೀಕು ಹಾಕಿದ ಚೆಕ್ಕನ್ನು ಬ್ಯಾಂಕು ಒಪ್ಪಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ನನ್ನ ಸರ್ವಿಸಿನಲ್ಲಿ ಅಂಥದ್ದು ಬಂದದ್ದು ಒಂದೇ ಒಂದು. ಕ್ಯಾಷಿಯರ್ ಹುಡುಗ ಅದನ್ನು ತಂದು ‘ಸಾರ್, ಈ ಚೆಕ್ಕು ನಮ್ಮ ತಾತನ ಕಾಲದ್ದು’ ಅಂದ.

ಇನ್ನು ಯಂತ್ರಗಳ ಮಾತು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ನಮ್ಮ ಗಿರಾಕಿಗಳಿಗೆ ಬಹಳ. ಮೊಮ್ಮಗನ ಪ್ರೋಗ್ರಾಮು ಜಾವಾಸ್ಕ್ರಿಪ್ಟಿನದು. ಅದು ಫೆಬ್ರವರಿ 31 ಎಂದು ಬರೆದುಕೊಂಡು, ಫೆಬ್ರವರಿಗೆ 28ರ ಮೇಲೆ ಜಾಗವಿಲ್ಲದ್ದನ್ನು ಕಂಡು, ಉಳಿದ ಮೂರು ದಿನವನ್ನು ಮಾರ್ಚಿಗೆ ಚೆಲ್ಲಿತು. ಎಕ್ಸೆಲ್‌ನಲ್ಲಿ ಈಡೇಟ್ ಎಂಬ ಸೂತ್ರ ಹಾಕಿದರೆ ಚೆಲ್ಲುವುದಿಲ್ಲ, 28ಕ್ಕೇ ನಿಲ್ಲಿಸುತ್ತದೆ. ಈಗ ಫೆಬ್ರವರಿ 28ಕ್ಕೆ ಒಂದು ತಿಂಗಳು ಕೂಡಿಸಿ ನೋಡಿ. ಎಕ್ಸೆಲ್ ಮಾರ್ಚ್ 28 ಎನ್ನುತ್ತದೆ. ಒರಾಕಲ್ ಡೇಟಾಬೇಸಿನ ಆ್ಯಡ್-ಮಂತ್ಸ್ ಮಾರ್ಚ್ 31 ಎನ್ನುತ್ತದೆ, ಅದು ಕೊನೆಗೆ ಕೊನೆಯನ್ನೇ ಜೋಡಿಸುತ್ತದೆ. ಲಂಡನ್ನಿನಲ್ಲಿ ಸೋತ ಆ ಬಾಡಿಗೆದಾರನ ವಾದ ಒರಾಕಲ್‌ನಲ್ಲಿ ಗೆದ್ದಿದೆ. ಒಂದೇ ಕಚೇರಿಯಲ್ಲಿ ವರದಿ ಎಕ್ಸೆಲ್‌ನಲ್ಲಿ, ದಫ್ತರ ಒರಾಕಲ್‌ನಲ್ಲಿ ಇದ್ದರೆ ತಿಂಗಳ ಕೊನೆಗೆ ಯಾರೋ ಒಬ್ಬ ಗುಮಾಸ್ತ ಊಟ ಬಿಟ್ಟು ವ್ಯತ್ಯಾಸ ಹುಡುಕುತ್ತ ಕೂತಿರುತ್ತಾನೆ. ಪೈಥಾನ್ ಭಾಷೆಯವರು ಜಾಣರು. ಅದರ ಮೂಲ ಗ್ರಂಥಾಲಯದಲ್ಲಿ ಕಾಲಾವಧಿಗೆ ದಿನ ಉಂಟು, ವಾರ ಉಂಟು, ತಿಂಗಳು ಇಲ್ಲ. ಎಷ್ಟೆಂದು ಹೇಳಲಾಗದ್ದನ್ನು ಅಳತೆಯ ಪೆಟ್ಟಿಗೆಯಲ್ಲಿ ಇಡುವುದಿಲ್ಲ ಎಂಬ ಹಟ. ನನಗೆ ಆ ಹಟ ಇಷ್ಟವಾಯಿತು.

ಈಗ ಮೇಷ್ಟ್ರ ವಿಷಯ. 1995ರಲ್ಲಿ ನಾನು ಸಾಗರದಲ್ಲಿದ್ದೆ. ಬ್ಯಾಂಕಿನ ಹೆಸರು ಬೇಡ. ಶಾಖೆಗೆ ಆಗಷ್ಟೇ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದಿತ್ತು, ಅದಕ್ಕೊಂದು ಗಾಜಿನ ಕೋಣೆ, ನಮಗಿಲ್ಲದ ಏಸಿ. ಮೇಷ್ಟ್ರು ಜನವರಿ 31ಕ್ಕೆ ತಿಂಗಳಿಗೆ ಇನ್ನೂರು ರೂಪಾಯಿಯ ಆರ್‌ಡಿ ತೆರೆದರು. ಅವರ ಸಂಬಳ ಕೈಗೆ ಬರುತ್ತಿದ್ದುದೇ ತಿಂಗಳ ಕೊನೆಯ ದಿನ. ಅದೇ ಸಂಜೆ ಬ್ಯಾಂಕಿಗೆ ಬಂದು ಕಂತು ಕಟ್ಟಿ, ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಹೋಗುವುದು.

ಜೂನಿನಲ್ಲಿ ಒಂದು ದಿನ ಪಾಸ್‌ಬುಕ್ಕು ಹಿಡಿದು ನೇರ ನನ್ನ ಮೇಜಿಗೆ ಬಂದರು. ಮಾರ್ಚ್, ಏಪ್ರಿಲ್, ಮೇ, ಮೂರೂ ಕಂತಿಗೆ ತಡವಾದದ್ದಕ್ಕೆ ಮೂರು ಮೂರು ರೂಪಾಯಿ ದಂಡ ಬಿದ್ದಿತ್ತು.

‘ಮ್ಯಾನೇಜರ್ರೇ, ಮಾರ್ಚಿಗೆ ಎಷ್ಟು ದಿನ ಅಂತ ನಿಮ್ಮ ಮೆಷಿನ್ನಿಗೆ ಹೇಳಿಕೊಟ್ಟಿದೀರಿ?’

‘ಮೂವತ್ತೊಂದು, ಮೇಷ್ಟ್ರೇ.’

‘ಹಾಗಾದ್ರೆ ನನ್ನ ಮೂರು ದಿನ ಎಲ್ಲಿಟ್ಟಿದೀರಿ? ಕೊಡಿ.’

ನಾನು ಗಾಜಿನ ಕೋಣೆಗೆ ಹೋಗಿ ಬಂದೆ. ಮೆಷಿನ್ನು ಫೆಬ್ರವರಿಯಲ್ಲಿ 31 ಸಿಗದೆ 28ಕ್ಕೆ ಇಳಿದಿತ್ತು. ಅದರಲ್ಲಿ ತಪ್ಪಿಲ್ಲ. ಮಾರ್ಚಿನ ಕಂತಿನ ದಿನ ಹುಡುಕುವಾಗ ಅದು ಖಾತೆ ತೆರೆದ ದಿನವನ್ನು ನೋಡಲಿಲ್ಲ, ಫೆಬ್ರವರಿಯ ಕಂತಿನ ದಿನಕ್ಕೆ ಒಂದು ತಿಂಗಳು ಕೂಡಿಸಿತು. ಇಳಿದ ತಾರೀಕು ಮತ್ತೆ ಹತ್ತಲೇ ಇಲ್ಲ. ಇದನ್ನು ಅವರಿಗೆ ಹೇಗೆ ವಿವರಿಸುವುದು ಎಂದು ನಾನು ಯೋಚಿಸುತ್ತಿದ್ದೆ. ಅವರು ಆಗಲೇ ಒಂದು ಚಲನ್ನಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದು ನನ್ನ ಕಡೆ ತಿರುಗಿಸಿದರು. ಮೇಲಿನ ಸಾಲು 31, 28, 28, 28. ಕೆಳಗಿನದು 31, 28, 31, 30.

‘ಮೇಲಿಂದು ಹುಡುಗರು ಕಾಪಿ ಹೊಡೆಯೋ ಥರ. ಮುಂದಿನ ಬೆಂಚಿನವನು ತಪ್ಪು ಬರೆದರೆ ಹಿಂದಿನವರೆಲ್ಲ ತಪ್ಪು. ಕೆಳಗಿಂದು ಪ್ರತಿ ಸಲ ಪುಸ್ತಕ ತೆಗೆದು ನೋಡಿ ಬರೆಯೋದು. ನಿಮ್ಮ ಮೆಷಿನ್ನಿಗೆ ಪುಸ್ತಕ ನೋಡೋದು ಕಲಿಸಿ.’

ಆಮೇಲೆ ನನ್ನ ಕಂಪ್ಯೂಟರ್ ತರಬೇತಿಗಳಲ್ಲಿ ಇದೇ ಮಾತನ್ನು ಬಹಳ ದೊಡ್ಡ ದೊಡ್ಡ ಶಬ್ದಗಳಲ್ಲಿ ಕೇಳಿದ್ದೇನೆ, ಇಷ್ಟು ಚೆನ್ನಾಗಿ ಕೇಳಿಲ್ಲ.

ಮೆಷಿನ್ನಿಗೆ ಕಲಿಸುವುದು ನನ್ನ ಕೈಯಲ್ಲಿರಲಿಲ್ಲ, ಅದಕ್ಕೆ ಹೆಡ್ಡಾಫೀಸಿಗೆ ಬರೆಯಬೇಕಿತ್ತು. ಬರೆದೆ. ಒಂಬತ್ತು ರೂಪಾಯಿಗೆ ವೋಚರ್ ಹಾಕಿ ದಂಡ ವಾಪಸು ಮಾಡಿದೆ. ಲೆಡ್ಜರ್ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ, ಈ ಖಾತೆಯ ಕಂತು ತಿಂಗಳ ಕೊನೆಯ ದಿನ ಎಂದು ಬರೆದು ರುಜು ಹಾಕಿ ತೋರಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ, ಪಾಸ್‌ಬುಕ್ಕನ್ನು ಜುಬ್ಬದ ಜೇಬಿಗೆ ಇಳಿಸಿ ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು.

‘ಮುಂದಿನ ಫೆಬ್ರವರಿಗೆ ಮತ್ತೆ ಇಳಿಯುತ್ತಲ್ವಾ ಇದು?’

‘ಹೆಡ್ಡಾಫೀಸು ಸರಿಮಾಡದೇ ಇದ್ದರೆ ಇಳಿಯುತ್ತೆ ಮೇಷ್ಟ್ರೇ. ಆದರೆ ಮುಂದಿನದು ತೊಂಬತ್ತಾರು, ಇಪ್ಪತ್ತೊಂಬತ್ತು ದಿನ ಇರುತ್ತೆ.’

‘ಸರಿ ಬಿಡಿ. ಆಗ ಎರಡೇ ದಿನ ಕೇಳಿಕೊಂಡು ಬಂದ್ರೆ ಸಾಕು.’